ಗಾಯರಾಣದ ಸ್ವಚ್ಛತೆ

ನಮ್ಮ ಬೀಡಿ ಊರಿನವರಿಗೆ ಮನೆಗೆ ಬರುವ ನೆಂಟರಿಗಿಂತ ಊರಿಗೆ ಬರುವ ಸಾಹೇಬರು ದೊಡ್ಡವರು. ನೆಂಟರಿಗೆ ಅಂಗಳ ಗುಡಿಸಿದರೆ ಸಾಕು. ಸಾಹೇಬರು ಬರುತ್ತಾರೆಂದರೆ ಅವರು ಕಾಲಿಡದ ಹಿತ್ತಿಲನ್ನೂ ಗುಡಿಸುತ್ತೇವೆ. ಈ ಒಳ್ಳೆಯ ಗುಣವೇ ಮಾಯವ್ವನಿಗೆ ಮುಳುವಾಯಿತು.

ಮಾಯವ್ವ ಕುರಿ ಸಾಕಿಕೊಂಡು ಬಾಳುವವಳು. ಊರಾಚೆಯ ಗಾಯರಾಣ, ಅಂದರೆ ಎಲ್ಲರ ದನಕರು ಮೇಯುವ ಬಯಲು, ಅವಳಿಗೆ ಅನ್ನ. ಮೇದು ಮೇದು ಅದು ಬೋಳಾಗಿದ್ದ ಕಾಲದಲ್ಲಿ ಬೆಳಗಾವಿಯ ಪರಿಸರ ಸಂಸ್ಥೆಯೊಂದರಿಂದ ವರದಾ ಎಂಬ ಹುಡುಗಿ ಬಂದಳು. ಮಳೆಗಾಲದಿಂದ ಚಳಿಗಾಲ ಮುಗಿಯುವ ತನಕ ಅರ್ಧ ಬಯಲಿಗೆ ಕುರಿ ಬಿಡಬೇಡಿ, ಹುಲ್ಲು ಎದ್ದರೆ ಹಿಂದೆ ಇಲ್ಲಿಗೆ ಬರುತ್ತಿದ್ದ ಗಿಡುಗಗಳು ಮತ್ತೆ ಬರುತ್ತವೆ, ಅವು ಹೋದ ಮೇಲೆ ಆ ಹುಲ್ಲೆಲ್ಲ ನಿಮ್ಮದೇ ಎಂದಳು. ಹಕ್ಕಿಗಾಗಿ ಕುರಿಯನ್ನು ಉಪವಾಸ ಕೆಡವುವುದೇ ಎಂದು ಊರು ನಕ್ಕಿತು. ಮಾಯವ್ವ ನಗಲಿಲ್ಲ.

"ಹಕ್ಕಿ ಬರಲಿ ಬಿಡಲಿ, ಬ್ಯಾಸಗಿಗೆ ಕುರಿಗೆ ಹುಲ್ಲು ಸಿಗತೈತಿ," ಎಂದು ಉಳಿದ ಕುರಿಗಾರರನ್ನೂ ಬೈದು ಒಪ್ಪಿಸಿದಳು.

ಮೂರನೆಯ ವರ್ಷಕ್ಕೆ ಹುಲ್ಲು ಸೊಂಟದೆತ್ತರ ಬೆಳೆಯಿತು. ಮೊಲ ಬಂದವು, ನರಿ ಬಂತು. ಚಳಿ ಬಿದ್ದಾಗ ಎಲ್ಲಿಯದೋ ದೇಶದಿಂದ ಗಿಡುಗಗಳೂ ಬಂದವು. ಈ ಹಕ್ಕಿಗಳಿಗೆ ಮರ ಬೇಡ. ಸಂಜೆಯಾದರೆ ಹುಲ್ಲಿನೊಳಗೆ ಇಳಿದು ನೆಲದ ಮೇಲೆಯೇ ಮಲಗುತ್ತವೆ. ಮಾಯವ್ವ ದಿನಾ ನಿಂತು ನೋಡಿ, ತನ್ನ ಕುರಿಗಳೇ ಹಟ್ಟಿ ಸೇರಿದವೇನೋ ಎಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಬೆಳಗಾವಿಯ ಆಟೋ ನಗರದಲ್ಲಿರುವಂಥ ಕಾರ್ಖಾನೆ ಶೆಡ್ಡುಗಳನ್ನು ನಮ್ಮ ಖಾನಾಪುರ ತಾಲೂಕಿನಲ್ಲೂ ಕಟ್ಟುವ ಮಾತು ಎದ್ದಿತು. ಕಣ್ಣು ಬಿದ್ದದ್ದು ಗಾಯರಾಣದ ಮೇಲೆ. ವರದಾ ಕಚೇರಿಯಿಂದ ಕಚೇರಿಗೆ ಅಲೆದು, ಒಮ್ಮೆ ಕಣ್ಣಾರೆ ನೋಡಿ ಆಮೇಲೆ ತೀರ್ಮಾನಿಸಿ ಎಂದು ಒಬ್ಬ ಸಾಹೇಬರನ್ನು ಒಪ್ಪಿಸಿದಳು. ಹುಲ್ಲು, ಹಕ್ಕಿ ಕಂಡರೆ ಬಯಲು ಉಳಿಯುತ್ತದೆ, ಕಾಣದಿದ್ದರೆ ಶೆಡ್ಡು. ನಾಳೆ ಸಂಜೆ ಅವರನ್ನು ಬಯಲಿಗೆ ಕರೆತರುತ್ತೇನೆ ಎಂದಷ್ಟೇ ಪಂಚಾಯಿತಿ ಸದಸ್ಯ ಬಾಳಾಸಾಹೇಬನಿಗೆ ಫೋನ್ ಮಾಡಿ ಹೇಳಿದಳು. ಏನು ನೋಡಲು ಎಂದು ಅವನು ಕೇಳಲೂ ಇಲ್ಲ.

ಫೋನ್ ಇಟ್ಟದ್ದೇ ತಡ, ಬಾಳಾಸಾಹೇಬ ಊರನ್ನೇ ಎಬ್ಬಿಸಿದ. ಅಂಥ ಹುಲ್ಲಿನಲ್ಲಿ ಸಾಹೇಬರು ನಿಲ್ಲುವುದು ಹೇಗೆ? ಹಾವು ಹರಿದರೆ? ಪ್ಯಾಂಟಿಗೆ ಮುಳ್ಳು ಹತ್ತಿದರೆ ಊರಿನ ಮಾನ ಏನಾಗಬೇಕು? ಬೆಳಗಾಗುತ್ತಲೇ ಮಂದಿ ಕುಡುಗೋಲು ಹಿಡಿದು ಬಯಲಿಗೆ ಇಳಿದರು. ಎಲ್ಲರಿಗಿಂತ ಮುಂದೆ ಮಾಯವ್ವ. ತಾನು ಕಾಯ್ದ ಬಯಲಿಗೆ ದೊಡ್ಡವರು ಬರುತ್ತಾರೆಂಬ ಹಿಗ್ಗಿನಲ್ಲಿ ಅವಳಿಗೆ ಸಂಜೆ ಇಳಿಯುವ ಹಕ್ಕಿಗಳ ನೆನಪೇ ಆಗಲಿಲ್ಲ. ಒಂದು ಮರಿಯ ಬಾಯಿಗೂ ಬಿಡದ ಹುಲ್ಲನ್ನು ತಾನೇ ಸವರಿ ಹಾಕಿದಳು. ಕುಡುಗೋಲಿಗೆ ಸಿಗದ್ದನ್ನು ಟ್ರ್ಯಾಕ್ಟರ್ ನೋಡಿಕೊಂಡಿತು. ಹುಲ್ಲೆಲ್ಲ ಬಾಳಾಸಾಹೇಬನ ಎಮ್ಮೆಗಳ ಪಾಲಾಯಿತು. ಪೆಂಡಾಲು ಎದ್ದಿತು, ಸುಣ್ಣದ ಗೆರೆ ಬಿತ್ತು. ರಂಗೋಲಿಯಲ್ಲಿ ಗಿಡುಗವನ್ನೂ ಬಿಡಿಸಿದರು. ಅದು ಕೋಳಿಯ ಹಾಗಿತ್ತು.

ಸಂಜೆ ಜೀಪಿನಿಂದ ಇಳಿದ ವರದಾ ಇಳಿದಲ್ಲೇ ನಿಂತುಬಿಟ್ಟಳು. ಸಾಹೇಬರಿಗೆ ಮಾತ್ರ ಖುಷಿಯಾಯಿತು. ಇಷ್ಟು ಸಮತಟ್ಟಾದ ಜಾಗವನ್ನು ಈ ತಾಲೂಕಿನಲ್ಲಿ ನೋಡಿಯೇ ಇಲ್ಲ ಎಂದರು.

ಹೊತ್ತು ಮುಳುಗುವಾಗ ಗಿಡುಗಗಳು ಬಂದವು. ಪೆಂಡಾಲಿನ ಮೇಲೆ ಸುತ್ತಿದವು, ಇಳಿಯಲು ಬಂದು ಮತ್ತೆ ಮೇಲೆದ್ದವು, ಕಡೆಗೆ ಎತ್ತಲೋ ಹೊರಟುಹೋದವು. ಸಾಹೇಬರಿಗೆ ಆಗ ಶಾಲು ಹೊದಿಸುತ್ತಿದ್ದರು. ಮಾಯವ್ವ ಹಕ್ಕಿಗಳು ಹೋದ ದಿಕ್ಕನ್ನೇ ನೋಡುತ್ತಿದ್ದಳು. 

ನಿನ್ನೆಯವರೆಗೂ ಇಲ್ಲಿ ಹುಲ್ಲಿತ್ತು, ಇನ್ನೊಂದು ಮಳೆಗಾಲ ಕೊಡಿ ಎಂದು ವರದಾ ಅಂಗಲಾಚಿದಳು. ಸಾಹೇಬರು ಕೆಟ್ಟವರಲ್ಲ. ಆದರೆ ವರ್ಷಗಟ್ಟಲೆ ಕಾಯ್ದ ಹುಲ್ಲನ್ನು ಬೇಕಾಗಿದ್ದವರು ಯಾರಾದರೂ ಕೊಯ್ಯುತ್ತಾರೆಯೇ ಎಂಬ ಅನುಮಾನ ಅವರದು. ಯಾಕೆ ಕೊಯ್ದಿರಿ ಎಂದು ಮಾಯವ್ವನನ್ನೇ ಕೇಳಿದರು.

"ನೀವು ಬರ್ತೀರಂತ್ರೀ, ಸಾಹೇಬ್ರ," ಎಂದಳು.

ಸಾಹೇಬರು ನಕ್ಕರು. ಇಂಥ ಒಳ್ಳೆಯ ಮಂದಿಯಿದ್ದ ಮೇಲೆ ಶೆಡ್ಡಿನ ಕೆಲಸ ಬೇಗ ಮುಗಿಯುತ್ತದೆ ಎಂದು ಹೇಳಿ ಜೀಪು ಹತ್ತಿದರು.

ಮಾಯವ್ವ ವರದಾಳ ಹತ್ತಿರ ಬಂದಳು. "ಅಕ್ಕಾರ, ಇನ್ನೊಮ್ಮೆ ಸಾಹೇಬ್ರನ್ನ ಕರಕೊಂಡು ಬರೂ ಮುಂದ ನಮಗ ಹೇಳಬ್ಯಾಡ್ರಿ."

ವರದಾ ಹೂಂ ಅಂದಳು. ಇನ್ನು ಬರುವುದು ಜೆಸಿಬಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.