ತೊಟ್ಟಿಯೊಳಗಿನ ಲಂಗರು

ಅಡ್ಯಾರಿನ ಫ್ಲಾಟಿನ ಹಿಂದಿದ್ದ ಸಿಮೆಂಟ್ ತೊಟ್ಟಿಯನ್ನು ಶಿವರಂಜನ್ ಆ ಶನಿವಾರ ಸಂಜೆ ಸಮುದ್ರ ಮಾಡಿದ್ದ. ತಳಕ್ಕೆ ಮರಳು, ಅದರ ಮೇಲೆ ಒಡೆದ ಮಡಕೆ ಚೂರುಗಳು, ನಡುವೆ ಕಲ್ಲುಕುಟಿಗನಿಂದ ಹಳೇ ಕಾಲದ ಮಾದರಿಯಲ್ಲಿ ಮಾಡಿಸಿದ, ತೂತುಗಳುಳ್ಳ ಪುಟ್ಟ ನೀಳ ಕಲ್ಲಿನ ಲಂಗರು, ಮೇಲೆ ಮೊಣಕಾಲುದ್ದ ನೀರು. ಮುಳುಗಿದ ಹಡಗನ್ನು ಹೇಗೆ ಹುಡುಕುತ್ತಾರೆಂದು ಭಾನುವಾರ ಮಕ್ಕಳಿಗೆ ತೋರಿಸಬೇಕಿತ್ತು.

ಸಮುದ್ರದಾಳಕ್ಕಿಳಿದು ಅಂಥ ಹಡಗುಗಳನ್ನು ಹುಡುಕುವುದೇ ಮೊದಲು ಅವನ ಕೆಲಸವಾಗಿತ್ತು. ಕಿವಿಯ ತಮಟೆ ಹರಿದ ಮೇಲೆ ಕೀಲ್ಪಾಕಿನ ಡಾಕ್ಟರು ಇನ್ನು ನೀರಿಗಿಳಿಯಕೂಡದು ಎಂದುಬಿಟ್ಟರು. ಎರಡು ವರ್ಷ ಮೇಜಿನ ಮುಂದೆ ಕೂತು ಮನುಷ್ಯ ಬಾಡಿಹೋಗಿದ್ದ. ಭಾನುವಾರದ ಪಾಠ ನೋಡಲು ಆ ಮಕ್ಕಳ ಶಾಲೆಯ ಹೆಡ್‌ಮಿಸ್ ಸುಗುಣಾ ಬರುವವರಿದ್ದರು. ಅವರು ಒಪ್ಪಿದರೆ ವಾರಕ್ಕೊಂದು ತರಗತಿ ಅವನದು. ಸಮುದ್ರದ ನಂಟು ಉಳಿಸಿಕೊಳ್ಳಲು ಅವನಿಗಿದ್ದದ್ದು ಇದೊಂದೇ ದಾರಿ.

ಬೆಳಿಗ್ಗೆ ನೋಡಿದರೆ ಲಂಗರು ಮಾಯ!

ದೇವರ ಮನೆಯಿಂದ ಗಂಟೆ ಕೇಳಿಸಿತು. ಓಡಿದ. ಲಂಗರು ಮಣೆಯ ಮೇಲೆ ನೆಟ್ಟಗೆ ನಿಂತಿತ್ತು. ಮೈಮೇಲೆ ಮೂರೆಳೆ ವಿಭೂತಿ, ನೆತ್ತಿಗೊಂದು ಬಿಲ್ವಪತ್ರೆ.

"ಏನೋ ರಂಜೂ, ಶಿವನ್ನ ನೀರಾಗ ಮುಳುಗಿಸಿಟ್ಟೀಯಲ್ಲೋ!" ತಾಯಿ ಗಿರಿಜಾದೇವಿ ಅವನ ಮೇಲೇ ಹರಿಹಾಯ್ದರು. "ವಾಚ್‌ಮನ್ ಕೈಲೆ ಎತ್ತಿಸಿ ತಂದೆ."

"ಅವ್ವಾ, ಅದು ಹಡಗಿನ ಲಂಗರು. ವಾಪಸ್ ಕೊಡು."

"ಪೂಜಿ ಆಗೈತಿ. ಇನ್ನ ಕೊಡಾಂಗಿಲ್ಲ."

ಅವ್ವ ಪಟ್ಟು ಹಿಡಿದರೆ ಮುಗಿಯಿತು. ಅಷ್ಟರಲ್ಲಿ ಗೇಟಿನ ಬಳಿ ಮಕ್ಕಳ ಗಲಾಟೆ, ಹಿಂದೆಯೇ ಸುಗುಣಾ. ಶಿವರಂಜನ್‌ಗೆ ಅಳುವೇ ಬಂತು. ತೊಟ್ಟಿಯ ಬಳಿಗೆ ಓಡಿ, ಲಂಗರಿದ್ದ ಜಾಗದ ಗುಂಡಿಯನ್ನು ಸಮ ಮಾಡಿ, ಬರೀ ಮಡಕೆ ಚೂರುಗಳಲ್ಲೇ ಪಾಠ ಮುಗಿಸೋಣವೆಂದು ನೀರಿಗೆ ಕೈ ಹಾಕಿದ.

"ಅಂಕಲ್, ತೊಡಾದೀಂಗ!" ಮುಟ್ಟಬೇಡಿ ಎಂದು ತಮಿಳಿನಲ್ಲಿ ಕಿರುಚಿದವಳು ಪಕ್ಕದ ಮನೆಯ ಮೌನ. ಹೆಸರಿಗಷ್ಟೇ ಮೌನ, ಕನ್ನಡಕ್ಕೂ ತಮಿಳು ಬೆರೆಸಿ ಮಾತಾಡುವವಳು. "ನಕ್ಷೆ ಬರೆಯೋ ಮುಂಚೆ ಏನೂ ಮುಟ್ಟಬಾರದು ಅಂತ ನೀವೇ ಸೊಲ್ಲಿದ್ರಿ! ಇಲ್ಲಿ ಏನೋ ಇತ್ತು. ಯಾರೋ ಎತ್ತಿದ್ದಾರೆ."

ಮಕ್ಕಳೆಲ್ಲ ತೊಟ್ಟಿಗೆ ಬಾಗಿದರು. ಮರಳಿನಲ್ಲಿ ಉದ್ದನೆಯ ಗುಂಡಿ, ಅಂಚಿನವರೆಗೆ ಎಳೆದ ಗೆರೆ.

"ಏನಿತ್ತು ಸಾರ್?" ಸುಗುಣಾ ಕೇಳಿದರು.

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಲಂಗರು, ಮೇಡಂ. ನಮ್ಮವ್ವ ದೇವರು ಅಂತ ಎತ್ತಿಕೊಂಡು ಹೋಗಿ ಪೂಜೆಗೆ ಇಟ್ಟಿದ್ದಾರೆ."

ಸುಗುಣಾ ನಗಲಿಲ್ಲ. ಮಕ್ಕಳು ಆಗಲೇ ಚಪ್ಪಲಿ ಬಿಟ್ಟು ದೇವರ ಮನೆ ಮುಟ್ಟಿ, ಅಜ್ಜಿಯನ್ನು ತಮಿಳಿನಲ್ಲಿ ಪಾಟಿ ಎಂದು ಕರೆಯುತ್ತ ಮುತ್ತಿಕೊಂಡಿದ್ದರು. ಪಾಟಿ, ಹೇಗೆ ಬಿದ್ದಿತ್ತು? ತಲೆ ಯಾವ ಕಡೆ? ಪಾಟಿ, ಮಡಕೆ ಚೂರು ಇದರ ಕೆಳಗಿತ್ತಾ? ಗಿರಿಜಾದೇವಿ ಒಂದೊಂದಕ್ಕೂ ಗಂಭೀರವಾಗಿ ಉತ್ತರ ಕೊಟ್ಟರು. ತಲೆ ನಲ್ಲಿಯ ಕಡೆಗಿತ್ತಂತೆ. ಗುಂಡಿಯೂ ಅದನ್ನೇ ಹೇಳುತ್ತಿತ್ತು.

ಮೌನ ಕಲ್ಲಿನ ತೂತುಗಳನ್ನು ತೋರಿಸಿ, ಹಗ್ಗ ಎಲ್ಲಿ ಕಟ್ಟುತ್ತಿದ್ದರು, ಅದು ಹಡಗನ್ನು ಹೇಗೆ ಹಿಡಿದು ನಿಲ್ಲಿಸುತ್ತಿತ್ತು ಎಂದು ಅಜ್ಜಿಗೆ ವಿವರಿಸಿದಳು. ಗಿರಿಜಾದೇವಿ ಕಲ್ಲಿನ ಮೇಲೆ ಕೈಯಿಟ್ಟರು.

"ಹಂಗಾರ ಇಂಥದ್ದನ್ನ ಕಳಕೊಂಡ ಹಡಗಿನವರು ಏನಾದ್ರೋ? ದಂಡಿ ಮುಟ್ಟಿದ್ರೋ ಇಲ್ಲೋ?"

ಈ ಪ್ರಶ್ನೆಗಾಗಿಯೇ ಶಿವರಂಜನ್ ಅಷ್ಟು ವರ್ಷ ನೀರಿಗಿಳಿದದ್ದು.

ಮೌನ ಲಂಗರಿನ ಚಿತ್ರ ಬರೆದಳು, ವಿಭೂತಿಯ ಮೂರೆಳೆಗಳನ್ನೂ ಬಿಡದೆ. ಅಳಿಸು ಎಂದು ಅವನು ಹೇಳಲಿಲ್ಲ.

"ಬರೋ ಶನಿವಾರದಿಂದ ಬಂದುಬಿಡಿ ಸಾರ್," ಎಂದರು ಸುಗುಣಾ. "ಈ ಲಂಗರನ್ನೂ ತನ್ನಿ."

ಗಿರಿಜಾದೇವಿ ಸೆರಗು ಬಿಗಿದು ಕಲ್ಲಿಗೆ ಅಡ್ಡ ಕೂತರು. "ಅಂವ ಇಲ್ಲೇ ಇರ್ತಾನ. ಮಕ್ಕಳು ಬಂದು ನೋಡ್ಲಿ, ಬ್ಯಾಡನ್ನಂಗಿಲ್ಲ. ನಿಮ್ಮ ಸಾಲಿಗೆ ಬ್ಯಾರೆ ಕಲ್ಲು ಕಡಿಸ್ಕೊಳ್ರಿ."