ಸಿಂಹದ ಕಿವಿ ಹಿಡಿದವರು

ನಡುಬೇಸಿಗೆಯ ಜುಲೈ ತಿಂಗಳ ಉರಿಬಿಸಿಲಿನಲ್ಲೂ ಉಣ್ಣೆಯ ಕೈಗವಸು ತೊಡದೆ ಮನೆಯ ಹೊಸ್ತಿಲು ದಾಟದಿದ್ದವರೆಂದರೆ, ನಾನು ಕಂಡಂತೆ, ನಮ್ಮ ಎದುರುಮನೆಯ ವೃದ್ಧೆ ಹ್ಯುಗೆತ್ ಬೂಸ್ಕೆ ಒಬ್ಬರೇ. ಬಡಕಲು ದೇಹ, ಬಣ್ಣಗೆಟ್ಟ ಕಂದು ಕೋಟು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಎಂಥ ಜಗಳದ ಕೊನೆಗೂ ‘ಆಯ್ತಲ್ಲ, ಬಿಡಿ’ ಎನ್ನುವ ಅಭ್ಯಾಸ. ಇಷ್ಟನ್ನೂ ಹೊತ್ತುಕೊಂಡು ಅವರು ದಿನಾ ಬೆಳಿಗ್ಗೆ ಬ್ರೆಡ್ಡು ತರಲು ಬೀದಿಗೆ ಇಳಿಯುತ್ತಿದ್ದರು.

ಆ ಮನೆಯ ಬಾಗಿಲವಾಡ ನಾನೂರು ವರ್ಷ ಹಳೆಯದು. ದ್ರಾಕ್ಷಿಗೊಂಚಲು, ಹೂಬಳ್ಳಿ, ಅಕ್ಕಪಕ್ಕದಲ್ಲಿ ಎರಡು ಸಿಂಹದ ತಲೆಗಳು, ಎಲ್ಲವೂ ಕಲ್ಲಿನಲ್ಲಿ ಕಡೆದವು. ಸರ್ಕಾರ ಅದನ್ನು ಸಂರಕ್ಷಿತವೆಂದು ಸಾರಿತ್ತು, ಬಾಗಿಲವಾಡವನ್ನು ಮಾತ್ರ; ಅದರ ಹಿಂದಿನ ಸೋರುವ ಮಾಡೂ ಮಾಡಿನಡಿಯ ಮನುಷ್ಯರೂ ಅವರವರ ಹಣೆಬರಹಕ್ಕೆ ಬಿಟ್ಟ ವಿಷಯ. ಮುಂದಿನ ಮೆಟ್ಟಿಲುಗಳು ಕಡಿದಾದವು, ಹಿಡಿದುಕೊಳ್ಳಲು ಕಂಬಿಯಿಲ್ಲ. ಆ ಮನೆಯ ಹೆಂಗಸರೆಲ್ಲ ತಲೆತಲಾಂತರದಿಂದ ಬಲಗಡೆಯ ಸಿಂಹದ ಕಿವಿ ಹಿಡಿದೇ ಇಳಿದವರು. ಅದು ಸವೆದು ನುಣ್ಣಗಾಗಿತ್ತು.

ಮಂಡಿ ಕೈಕೊಟ್ಟ ವರ್ಷ ಹ್ಯುಗೆತ್ ಒಂದು ಕಬ್ಬಿಣದ ಕಂಬಿಗೆ ಅನುಮತಿ ಕೇಳಿದರು. ಸ್ಮಾರಕ ಇಲಾಖೆಯಿಂದ ಒಬ್ಬ ತರುಣಿ ಬಂದು ಕಲ್ಲನ್ನು ಸವರಿ ನೋಡಿದಳು.

“ಇಲ್ಲಿ ತೂತು ಕೊರೆಯೋ ಹಾಗಿಲ್ಲ, ಮದಾಮ್. ಈ ಕಿವಿ ಯಾಕೆ ಹೀಗೆ ಸವೆದಿದೆ?”

“ಹಿಡ್ಕೊಂಡು ಇಳೀತೀವಲ್ಲ, ಅದಕ್ಕೆ.”

“ಇನ್ಮೇಲೆ ಮುಟ್ಟಬೇಡಿ. ಕೈಬೆವರು ಕಲ್ಲಿಗೆ ಒಳ್ಳೇದಲ್ಲ.”

“ಮತ್ತೆ ಇಳಿಯೋದು ಹೇಗಮ್ಮಾ, ಹಾರ್ಕೊಂಡಾ?”

ಹುಡುಗಿ ಕೆಟ್ಟವಳಲ್ಲ, ಮುಖ ಕೆಂಪಗೆ ಮಾಡಿಕೊಂಡು ನಿಂತಳು. ಹ್ಯುಗೆತ್ ತಾವೇ ಆಕೆಯನ್ನು ಸಮಾಧಾನ ಮಾಡಿದರು: “ಆಯ್ತಲ್ಲ, ಬಿಡಿ.”

ನಮ್ಮೂರಿನವರ ಸ್ವಭಾವವೇ ಹೀಗೆ. ಇಲಾಖೆಯವರನ್ನು ಬೆಳಗಿನಿಂದ ಸಂಜೆಯವರೆಗೆ ಬಾಯ್ತುಂಬ ಬಯ್ಯುತ್ತೇವೆ, ಅವರು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತೇವೆ. ಬೆವರು ತಾಗಬಾರದು ಎಂದರಲ್ಲವೆ, ಮರುದಿನವೇ ಕೈಗವಸು ಬಂತು.

“ನನ್ನ ತೋಳು ಹಿಡ್ಕೊಳ್ಳಿ, ಬೆಳಿಗ್ಗೆ ನಾನೇ ಬರ್ತೀನಿ,” ಎಂದೆ.

“ನೀವು ಏಳೋ ಹೊತ್ತಿಗೆ ಬ್ರೆಡ್ಡು ಖಾಲಿಯಾಗಿರುತ್ತೆ, ಸೋಮಾರಿ!”

ನವೆಂಬರಿನ ಒಂದು ಬೆಳಿಗ್ಗೆ, ಸೋನೆಮಳೆಯಲ್ಲಿ, ನೆನೆದ ಉಣ್ಣೆ ನುಣ್ಣನೆಯ ಕಿವಿಯ ಮೇಲೆ ಜಾರಿತು. ಸೊಂಟ ಮುರಿಯಿತು. ಅಂದಿನಿಂದ ಹ್ಯುಗೆತ್ ಮಹಡಿಯ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಕೆಳಗಿಳಿಯಲಿಲ್ಲ. ಬ್ರೆಡ್ಡು ನಾನು ಒಯ್ಯುತ್ತೇನೆ, ತಡವಾಗಿಯೇ.

ಮರುವರ್ಷ ಸೆಪ್ಟೆಂಬರಿನಲ್ಲಿ ಹಳೆಯ ಕಟ್ಟಡಗಳನ್ನು ಜನರಿಗೆ ತೋರಿಸುವ ಹಬ್ಬ ಬಂತು. ಕಿಟಕಿಯ ಕೆಳಗೆ ಜನ ನೆರೆದು ಫೋಟೋ ತೆಗೆಯುತ್ತಿದ್ದರು. ಮಾರ್ಗದರ್ಶಿ ಗಟ್ಟಿಯಾಗಿ ಹೇಳುತ್ತಿದ್ದ: “ಈ ಕಿವಿ ನೋಡಿ, ಬೆಣ್ಣೆ ಹಾಗಿದೆ! ಏನು ಕೈಚಳಕ ಆ ಶಿಲ್ಪಿದು!” ನನಗೆ ಮೈಯೆಲ್ಲ ಉರಿಯಿತು. ಕೂಗಿ ಹೇಳೋಣವೆಂದು ಹ್ಯುಗೆತ್ ಅವರ ಕಿಟಕಿಯಿಂದ ಬಗ್ಗಿದೆ. ಹ್ಯುಗೆತ್ ನನ್ನ ಅಂಗಿ ಹಿಡಿದೆಳೆದರು.

“ಸುಮ್ನಿರಿ, ನಾಚಿಕೆ ಆಗುತ್ತೆ. ಅಲ್ಲಾ, ನಾನು ಬಿದ್ದಾಗ ಕಿವಿಗೇನೂ ಆಗ್ಲಿಲ್ಲ ತಾನೆ?”

ಪ್ರತಿ ಹಳೆಯ ಊರಿನಲ್ಲೂ ಇಂಥವರು ಒಬ್ಬಿಬ್ಬರು ಇರುತ್ತಾರೆ. ಊರಿನ ಸೊಬಗು ನಿಂತಿರುವುದೇ ಅವರ ದಣಿದ ಮೂಳೆಗಳ ಮೇಲೆ. ಅವರನ್ನೂ ಕಾಪಾಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ದುಃಖವೆಂದರೆ, ಅದು ಅವರಿಗೂ ಹೊಳೆದಿರುವುದಿಲ್ಲ.