ಕಾಯಿಸಿ ಕೊಟ್ಟ ನೀರು

ಚಂಡಮಾರುತದ ಮಳೆಗೆ ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನ ಮೆಟ್ಟಿಲ ಬಾವಿ ತುಂಬಿಬಿಟ್ಟಿತ್ತು. ಅದು ತಿಳಿದ ಮೇಲೆ ಊರಿಗಾಂನಲ್ಲಿರುವ ನನ್ನ ಅಕ್ಕ ಮುನಿನಾರಾಯಣಮ್ಮ ಫೋನ್ ಮಾಡುವುದನ್ನು ಬಿಡಲಿಲ್ಲ.

"ಲೇ ಮುನಿರಾಜು, ನಮ್ ಬಾವಿ ನೀರು ಒಂದ್ ಚೊಂಬು ತಂದ್ಕೊಡ್ಲಾ. ಈ ಕ್ಯಾನ್ ನೀರು ಗಂಟ್ಲಲ್ಲಿ ಇಳಿಯಲ್ಲ."

ಅವಳು ಕಾಮಾಲೆಯಿಂದ ಆಗಷ್ಟೇ ಎದ್ದಿದ್ದಳು. ಕೆಟ್ಟ ನೀರು ಕುಡಿದರೆ ಮತ್ತೆ ಆಸ್ಪತ್ರೆಯೇ.

"ಟೆಸ್ಟ್ ಆಗ್ಲಿ ತತ್ತೀನಿ. ಅಲ್ಲಿತಂಕ ಬಾಯಿ ಮುಚ್ಕೊಂಡಿರು" ಎಂದು ಗದರಿದ್ದೆ.

ನೀರು ಪರೀಕ್ಷೆ ಮಾಡುವ ಚಂದನ ಪ್ರತಿ ಊರಿನ ಫಲಿತಾಂಶವನ್ನೂ ಫೋನಿನ ಗುಂಪಿಗೆ ಹಾಕುತ್ತಿದ್ದಳು. ಸುತ್ತಲಿನವರೆಲ್ಲ ಅದನ್ನು ನೋಡಿಯೇ ಬಿಂದಿಗೆ ಎತ್ತುತ್ತಿದ್ದರು. ನಾನು ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಟೊಮೆಟೊ ಇಳಿಸುತ್ತಿದ್ದಾಗ ನಮ್ಮ ಬಾವಿಯದು ಬಂತು: ಕುಡಿಯಬಹುದು. ಹೊಸ ಕ್ಯಾನ್ ಕೊಂಡು ಊರಿಗೆ ಓಡಿದೆ. ಪಕ್ಕದೂರಿನ ಹೆಂಗಸರು ಆಗಲೇ ಬಾವಿಯಲ್ಲಿ ನೀರು ತುಂಬುತ್ತಿದ್ದರು.

"ಚಿಕ್ಕಮ್ಮಾ, ಸುತ್ಲೂರಲ್ಲೆಲ್ಲ ನಮ್ ಬಾವೀನೇ ಪಾಸಾಗಿರೋದು!"

"ಆಗ್ದೆ ಏನು?" ಎಂದಳು ಬಾವಿ ಪಕ್ಕದ ಮನೆಯ ಇಂದ್ರಾಣಿ ಚಿಕ್ಕಮ್ಮ. "ಆ ಹುಡುಗಿ ಬಾಟ್ಲಿ ಕೊಟ್ಟು ತುಂಬ್ಸಿಡಿ ಅಂತ ಮುಂದಿನ ಬೀದಿಗೋದ್ಲು. ನಾನು ಚೆನ್ನಾಗಿ ಕುದ್ಸಿ, ಆರ್ಸಿ, ಬಟ್ಟೇಲಿ ಸೋಸಿ ಕೊಟ್ಟೆ. ಮನೆ ಬಾಗ್ಲಿಗೆ ಬಂದೋರ ಕೈಗೆ ಬಗ್ಗಡ ಕೊಡಾಕಾಯ್ತದೇನ್ಲಾ?"

ನನ್ನ ನೆತ್ತಿ ಕಾದುಹೋಯಿತು. "ನಿನ್ ಮರ್ಯಾದೆಗೆ ಬೆಂಕಿ ಬೀಳ! ಅಕ್ಕನ್ನ ಸಾಯಿಸ್ತಿದ್ಯಲ್ಲ!" ಎಂದು ಕೂಗಾಡಿದೆ. ಹೆಂಗಸರ ಬಿಂದಿಗೆಗಳ ನೀರನ್ನು ನೆಲಕ್ಕೆ ಸುರಿಸಿ ಬೈಸಿಕೊಂಡೆ. 'ನಾವು ಕೊಟ್ಟಿದ್ದು ಕಾಯಿಸಿದ ನೀರು, ಫಲಿತಾಂಶ ನಂಬಬೇಡಿ' ಎಂದು ಗುಂಪಿಗೆ ಹಾಕಿದೆ. ಚಂದನ ಓಡಿಬಂದು ಈ ಸಲ ತಾನೇ ಬಾವಿಗೆ ಬಗ್ಗಿ ಬಾಟಲಿ ತುಂಬಿದಳು. ಪರೀಕ್ಷೆಯ ಮದ್ದು ಬೆರೆತ ಆ ನೀರು ಮಾರನೆಯ ದಿನ ಕಪ್ಪಾಗಿತ್ತು. ಕಪ್ಪಾದರೆ ಕುಡಿಯುವಂತಿಲ್ಲ. ಅದನ್ನೂ ಅವಳು ಎಲ್ಲರಿಗೂ ತಿಳಿಸಿದಳು.

ಅಕ್ಕನಿಗೆ ಫೋನಿನಲ್ಲಿ ನಾನೇ ಹೇಳಬೇಕಾಯಿತು.

"ಕಾಯ್ಸಿ ತರ್ಲಾ?" ಎಂದೆ.

"ಕಾಯ್ಸಿದ್ ನೀರು ಇಲ್ಲೂ ಐತೆ ಬುಡು." ಆಮೇಲೆ ಕೇಳಿದಳು, "ಬಾವಿ ನೀರು ಎಲ್ಲಿತಂಕ ಬಂದೈತ್ಲಾ?"

"ಮೇಲಿನ ಮೆಟ್ಲು ಮುಳುಗೈತೆ."

"ಮದ್ವೆ ಆದ್ಮೇಲೆ ನಾನು ಅಷ್ಟು ತುಂಬಿದ್ದೇ ನೋಡಿಲ್ಲ. ಕರ್ಕೊಂಡೋಗ್ಲಾ. ಕುಡಿಯಲ್ಲ. ಕಾಲು ಇಳಿಬಿಟ್ಕೊಂಡು ಒಸಿ ಹೊತ್ತು ಕೂತಿರ್ತೀನಿ."

"ಊರೋರು ಕುಡಿಯೋ ನೀರಿಗೆ ಕಾಲು ಬುಡ್ತೀಯಾ? ಬುದ್ಧಿ ಐತಾ ನಿಂಗೆ?"

"ಈಗ ಯಾರ್ಲಾ ಕುಡೀತಾವ್ರೆ?"

ಅವಳನ್ನು ಕರೆತರಲು ಊರಿಗಾಂಗೆ ಬೈಕ್ ತೆಗೆದೆ.